ರಾಜಕೀಯ ದೇಣಿಗೆ, ಅಭಿವ್ಯಕ್ತಿ ಸ್ವಾತಂತ್ರ್ಯ ಮತ್ತು ದಾನಿಯ ಗೋಪ್ಯತೆ: ವರ್ತಕರಿಗೊಂದು ಕಾನೂನು ಪಾಠ

ಚುನಾವಣೆ ಸಮೀಪಿಸಿತೆಂದರೆ ಬಸವಕಲ್ಯಾಣ, ಹುಮನಾಬಾದ್ ಪೇಟೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು ಅಂಗಡಿಯ ಮುಂದೆ ನಿಂತು ಎಲ್ಲರೆದುರು ಆಡುವ ಮಾತು. ಮತ್ತೊಂದು ಗಲ್ಲಾಪೆಟ್ಟಿಗೆಯ ಹಿಂದೆ ಮೆಲುದನಿಯಲ್ಲಿ ಆಡುವ ಮಾತು. ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆವೆಂಬುದು ಸಾಮಾನ್ಯವಾಗಿ ಎರಡನೆಯ ಬಗೆಗೆ ಸೇರಿದ್ದು. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ತಿಳಿದರೆ ಪರವಾನಗಿ, ತಪಾಸಣೆ, ಟೆಂಡರುಗಳಲ್ಲಿ ತೊಂದರೆಯಾದೀತೆಂಬ ಅಂಜಿಕೆ ವರ್ತಕನಿಗೆ ಇರುವುದು ಸಹಜ. ಆ ಅಂಜಿಕೆಗೆ ಕಾನೂನಿನಲ್ಲಿ ಎಷ್ಟರಮಟ್ಟಿಗೆ ರಕ್ಷಣೆಯಿದೆ, ಎಲ್ಲಿಂದಾಚೆಗೆ ಇಲ್ಲ ಎಂಬುದೇ ಈ ಪಾಠದ ವಿಷಯ.

ನಮ್ಮ ಸಂಪ್ರದಾಯದಲ್ಲಿ ಗುಪ್ತದಾನಕ್ಕೆ ಹಿರಿಮೆಯುಂಟು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹಿರಿಯರು ಹೇಳುತ್ತಾರೆ. ಆದರೆ ದಾಸೋಹಕ್ಕೆ ಕೊಟ್ಟ ಅಕ್ಕಿ ಯಾರ ಮೇಲೂ ಅಧಿಕಾರ ನಡೆಸುವುದಿಲ್ಲ. ಪಕ್ಷಕ್ಕೆ ಕೊಟ್ಟ ಹಣ ಸರ್ಕಾರದ ರಚನೆಯಲ್ಲಿ ಪಾಲ್ಗೊಳ್ಳುತ್ತದೆ. ಎರಡಕ್ಕೂ ಒಂದೇ ಅಳತೆಗೋಲು ಸಲ್ಲದೆಂಬುದನ್ನು ಮೊದಲಿಗೇ ಮನಗಾಣಬೇಕು.

1. ಹಿನ್ನೆಲೆ

ಕಂಪನಿಗಳು ರಾಜಕೀಯ ಪಕ್ಷಗಳಿಗೆ ಹಣ ಕೊಡಬಹುದೇ ಎಂಬ ಪ್ರಶ್ನೆ ಹೊಸದಲ್ಲ. 1957ರಲ್ಲಿ ಟಾಟಾ ಉಕ್ಕು ಕಂಪನಿಯು ರಾಜಕೀಯ ನಿಧಿಗಳಿಗೆ ವಂತಿಗೆ ನೀಡಲು ಅನುವಾಗುವಂತೆ ತನ್ನ ಸ್ಥಾಪನಾ ಪತ್ರವನ್ನು ತಿದ್ದುಪಡಿ ಮಾಡಿಕೊಳ್ಳಲು ಮುಂದಾದಾಗ ವಿವಾದವು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು ಅಂದಿನ ಕಾನೂನಿನ ಮೇರೆಗೆ ಅದಕ್ಕೆ ಅನುಮತಿ ನೀಡಿದರಾದರೂ, ಇಂಥ ಹಣ ಬೆಳೆಯುತ್ತ ಹೋದರೆ ಪ್ರಜಾಪ್ರಭುತ್ವದ ಕತ್ತನ್ನೇ ಹಿಸುಕೀತೆಂದು ಎಚ್ಚರಿಸಿ, ಸಂಸತ್ತು ಇದರತ್ತ ಗಮನ ಹರಿಸಬೇಕೆಂದರು. 1960ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿಯಾಗಿ ಮಿತಿ ಬಂತು. 1969ರಲ್ಲಿ ಕಂಪನಿ ದೇಣಿಗೆಯನ್ನೇ ಸಂಪೂರ್ಣವಾಗಿ ನಿಷೇಧಿಸಲಾಯಿತು. 1985ರಲ್ಲಿ ನಿಷೇಧ ತೆರವಾಗಿ, ಸರಾಸರಿ ನಿವ್ವಳ ಲಾಭದ ಶೇ. 5ರ ಮಿತಿ ವಿಧಿಸಲಾಯಿತು. 2013ರ ಕಂಪನಿ ಕಾಯ್ದೆಯ 182ನೇ ಕಲಂ ಈ ಮಿತಿಯನ್ನು ಶೇ. 7.5ಕ್ಕೆ ಏರಿಸಿತು, ಯಾವ ಪಕ್ಷಕ್ಕೆ ಎಷ್ಟು ಎಂಬುದನ್ನು ಲಾಭ-ನಷ್ಟ ಖಾತೆಯಲ್ಲಿ ತೋರಿಸಬೇಕೆಂದೂ ವಿಧಿಸಿತು.

2017ರ ಹಣಕಾಸು ಕಾಯ್ದೆ ಈ ಎರಡು ನಿರ್ಬಂಧಗಳನ್ನೂ ತೆಗೆದುಹಾಕಿತು. ಮಿತಿ ಹೋಯಿತು, ಪಕ್ಷದ ಹೆಸರು ತೋರಿಸುವ ಹೊಣೆಯೂ ಹೋಯಿತು. ಜೊತೆಗೆ 2018ರ ಜನವರಿ 2ರಂದು ಚುನಾವಣಾ ಬಾಂಡ್ ಯೋಜನೆ ಅಧಿಸೂಚಿತವಾಯಿತು. ಭಾರತೀಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗಳಲ್ಲಿ 1,000 ರೂ.ನಿಂದ 1 ಕೋಟಿ ರೂ.ವರೆಗಿನ ಐದು ಮುಖಬೆಲೆಗಳ ಬಾಂಡುಗಳನ್ನು ಕೊಂಡು, 15 ದಿನಗಳೊಳಗೆ ಪಕ್ಷವು ನಗದೀಕರಿಸಬೇಕಿತ್ತು. ಬಾಂಡಿನ ಮೇಲೆ ಕೊಂಡವನ ಹೆಸರಿರಲಿಲ್ಲ.

2. ಎರಡು ಹಕ್ಕುಗಳ ತಕ್ಕಡಿ

ಬಾಂಡ್ ಯೋಜನೆಯನ್ನು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ (ಎಡಿಆರ್), ಕಾಮನ್ ಕಾಸ್ ಸಂಸ್ಥೆಗಳು ಮತ್ತು ಭಾರತ ಕಮ್ಯುನಿಸ್ಟ್ ಪಕ್ಷ (ಮಾರ್ಕ್ಸ್‌ವಾದಿ) ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಎಡಿಆರ್ 1999ರಲ್ಲಿ ಅಹಮದಾಬಾದಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಪ್ರಾಧ್ಯಾಪಕರು ಕಟ್ಟಿದ ಸಂಸ್ಥೆ. ಸ್ಥಾಪಕರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿಯವರು ಅನಂತರ ಬೆಂಗಳೂರಿನ ವ್ಯವಸ್ಥಾಪನಾ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು.

ಸರ್ಕಾರದ ವಾದ ವರ್ತಕನ ಅಂಜಿಕೆಯನ್ನೇ ಆಧಾರವಾಗಿಸಿಕೊಂಡಿತ್ತು. ಹೆಸರು ಹೊರಬಿದ್ದರೆ ಎದುರು ಪಕ್ಷದವರು ಸೇಡು ತೀರಿಸಿಕೊಳ್ಳಬಹುದೆಂಬ ಭಯದಿಂದ ದಾನಿಗಳು ನಗದಿನ ಹಾದಿ ಹಿಡಿಯುತ್ತಾರೆ. ಗೋಪ್ಯತೆಯ ಭರವಸೆಯಿದ್ದರೆ ಬ್ಯಾಂಕಿನ ಮೂಲಕ ಬಿಳಿ ಹಣ ಕೊಡುತ್ತಾರೆ ಎಂಬುದು ಅದರ ತಿರುಳು. ಈ ವಾದಕ್ಕೆ ಬಲ ಬಂದದ್ದು ಕರ್ನಾಟಕಕ್ಕೆ ಸಂಬಂಧಿಸಿದ ಒಂದು ತೀರ್ಪಿನಿಂದ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯ ವಿರುದ್ಧ ಹೂಡಿದ ಪ್ರಕರಣದಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತ್ತು. ಒಬ್ಬನ ರಾಜಕೀಯ ಒಲವು ಅವನ ಖಾಸಗಿ ಸಂಗತಿಯಾದರೆ, ಒಲವಿನಿಂದ ಕೊಟ್ಟ ಹಣವೂ ಖಾಸಗಿಯಲ್ಲವೇ?

ಮತದಾರನ ಹಕ್ಕು ತಕ್ಕಡಿಯ ಮತ್ತೊಂದು ತಟ್ಟೆ. ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದಲ್ಲಿ ತಿಳಿಯುವ ಹಕ್ಕೂ ಅಡಕವಾಗಿದೆಯೆಂದು 2002ರಲ್ಲೇ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಅಭ್ಯರ್ಥಿಯ ಆಸ್ತಿ, ಅಪರಾಧ ಪ್ರಕರಣಗಳ ಪ್ರಮಾಣಪತ್ರ ನಮಗೆ ದೊರೆಯುತ್ತಿರುವುದು ಆ ತೀರ್ಪಿನ ಫಲವೇ.

2024ರ ಫೆಬ್ರವರಿ 15ರಂದು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರ ನೇತೃತ್ವದ ಐವರ ಸಂವಿಧಾನ ಪೀಠ ಒಮ್ಮತದ ತೀರ್ಪಿತ್ತಿತು. ನ್ಯಾಯಮೂರ್ತಿ ಸಂಜೀವ್ ಖನ್ನಾ ಅವರು ಸಹಮತದ ಪ್ರತ್ಯೇಕ ತೀರ್ಪು ಬರೆದರು. ಬಾಂಡ್ ಯೋಜನೆ ಮತ್ತು ಅದಕ್ಕೆ ಪೂರಕವಾದ ತಿದ್ದುಪಡಿಗಳು ರದ್ದಾದವು. ಆದರೆ ನ್ಯಾಯಾಲಯವು ದಾನಿಯ ಗೋಪ್ಯತೆಯನ್ನು ಅಲ್ಲಗಳೆಯಲಿಲ್ಲ ಎಂಬುದನ್ನು ವರ್ತಕರು ಗಮನಿಸಬೇಕು. ರಾಜಕೀಯ ಒಲವಿನ ಗೋಪ್ಯತೆ ಖಾಸಗಿತನದ ಹಕ್ಕಿನ ಭಾಗವೇ ಹೌದು, ಆ ಒಲವು ದೇಣಿಗೆಯ ರೂಪದಲ್ಲಿ ವ್ಯಕ್ತವಾದಾಗಲೂ ಅದಕ್ಕೆ ರಕ್ಷಣೆಯುಂಟು ಎಂದು ಅದು ಒಪ್ಪಿತು. ನಿಜವಾದ ಬೆಂಬಲಕ್ಕಾಗಿ ಕೊಟ್ಟದ್ದಕ್ಕೆ ಈ ರಕ್ಷಣೆ. ನೀತಿಯನ್ನು ತಿರುಗಿಸಲು ಕೊಟ್ಟದ್ದಕ್ಕಲ್ಲ ಎಂದು ಗೆರೆ ಎಳೆಯಿತು.

ಹಾಗಾದರೆ ಈ ಎರಡನ್ನು ಬೇರ್ಪಡಿಸುವುದು ಹೇಗೆ? ಕೊಡುವವನ ಮನಸ್ಸನ್ನು ಅಳೆಯಲಾಗದು, ಮೊತ್ತವನ್ನು ಅಳೆಯಬಹುದು. ಪ್ರಜಾ ಪ್ರಾತಿನಿಧ್ಯ ಕಾಯ್ದೆ 1951ರ 29ಸಿ ಕಲಮಿನಂತೆ ಹಣಕಾಸು ವರ್ಷವೊಂದರಲ್ಲಿ ಒಬ್ಬ ವ್ಯಕ್ತಿ ಅಥವಾ ಕಂಪನಿಯಿಂದ ಬಂದ 20,000 ರೂ. ಮೀರಿದ ದೇಣಿಗೆಯ ವಿವರವನ್ನು ಪಕ್ಷವು ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕು. ಸಂಸತ್ತು ಹಾಕಿದ ಈ ಗೆರೆಯೇ ಎರಡು ಹಕ್ಕುಗಳನ್ನು ಸರಿದೂಗಿಸುತ್ತದೆಯೆಂದು ನ್ಯಾಯಾಲಯ ಭಾವಿಸಿತು. ಬಾಂಡ್ ಯೋಜನೆಯು ಈ ಗೆರೆಯನ್ನು ಅಳಿಸಿ, ಮತದಾರನ ತಟ್ಟೆಯನ್ನು ಪೂರ್ತಿ ಬರಿದು ಮಾಡಿದ್ದೇ ಅದರ ದೋಷ. ಮೇಲಾಗಿ ಗೋಪ್ಯತೆ ಮತದಾರನಿಗಷ್ಟೇ. ದಾನಿಯು ತಾನೇ ಪಕ್ಷಕ್ಕೆ ತಿಳಿಸಲು ಅಡ್ಡಿಯಿರಲಿಲ್ಲ.

ತೀರ್ಪಿನ ಮೇರೆಗೆ 2019ರ ಏಪ್ರಿಲ್ 12ರ ನಂತರದ ವಿವರಗಳು 2024ರ ಮಾರ್ಚಿಯಲ್ಲಿ ಬಹಿರಂಗವಾದವು. 2019ರ ಏಪ್ರಿಲ್ 1ರಿಂದ 2024ರ ಫೆಬ್ರವರಿ 15ರವರೆಗೆ 22,217 ಬಾಂಡುಗಳು ಮಾರಾಟವಾಗಿ 22,030 ನಗದಾಗಿದ್ದವೆಂದು ಬ್ಯಾಂಕು ಪ್ರಮಾಣಪತ್ರ ಸಲ್ಲಿಸಿತು. ಗೋಪ್ಯವೆಂದು ನಂಬಿ ಕೊಂಡವರ ಹೆಸರುಗಳೆಲ್ಲ ಪತ್ರಿಕೆಗಳಲ್ಲಿ ಅಚ್ಚಾದವು. ಸಂವಿಧಾನದ ಒರೆಗಲ್ಲಿಗೆ ನಿಲ್ಲದ ಗೋಪ್ಯತೆಯ ಭರವಸೆಯನ್ನು ನಂಬಿ ವ್ಯವಹರಿಸಬಾರದೆಂಬುದು ಇದರಿಂದ ಕಲಿಯಬೇಕಾದ ಪಾಠ.

3. ಹೊರದೇಶದ ನಿದರ್ಶನ

ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ದಾರಿ ಹಿಡಿಯಿತು. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘದ ಸದಸ್ಯರ ಪಟ್ಟಿಯನ್ನು ಅಲಬಾಮಾ ರಾಜ್ಯ ಕೇಳಿತು. ಪಟ್ಟಿ ಕೊಟ್ಟರೆ ಸದಸ್ಯರು ಕೆಲಸ ಕಳೆದುಕೊಳ್ಳುವ, ಹಲ್ಲೆಗೊಳಗಾಗುವ ಭಯವಿತ್ತು. 1958ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಪಟ್ಟಿ ಕೊಡಬೇಕಿಲ್ಲವೆಂದು ಹೇಳಿತು. ಆದರೆ 1976ರ ಬಕ್ಲಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಚುನಾವಣಾ ದೇಣಿಗೆಯ ಬಹಿರಂಗಪಡಿಕೆಯನ್ನು ಎತ್ತಿಹಿಡಿಯಿತು. 2021ರಲ್ಲಿ, ಧರ್ಮಾರ್ಥ ಸಂಸ್ಥೆಗಳು ದೊಡ್ಡ ದಾನಿಗಳ ಪಟ್ಟಿಯನ್ನು ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಒಪ್ಪಿಸಬೇಕೆಂಬ ನಿಯಮವನ್ನು ರದ್ದುಗೊಳಿಸಿತು. ದುರ್ಬಲನ ಸಂಘಟನೆಗೆ ಗೋಪ್ಯತೆ ಗುರಾಣಿ; ಅಧಿಕಾರಕ್ಕೆ ಹತ್ತಿರವಿರುವ ಹಣಕ್ಕೆ ಅದು ಪರದೆ. ಗುರಾಣಿಯನ್ನು ಉಳಿಸಿಕೊಂಡು ಪರದೆಯನ್ನು ಸರಿಸುವುದೇ ಎರಡೂ ದೇಶಗಳ ನ್ಯಾಯಾಲಯಗಳ ಮುಂದಿನ ಸಮಸ್ಯೆ.

4. ನಮ್ಮ ವ್ಯವಹಾರಕ್ಕೆ ಅನ್ವಯ

(ಅ) ಖಾಸಗಿ ನಿಯಮಿತ ಕಂಪನಿ: ಹುಮನಾಬಾದ್ ಕೈಗಾರಿಕಾ ಪ್ರದೇಶದ ಒಂದು ಕಾಲ್ಪನಿಕ ಘಟಕವನ್ನು ತೆಗೆದುಕೊಳ್ಳೋಣ. ಹಿಂದಿನ ಮೂರು ವರ್ಷಗಳ ನಿವ್ವಳ ಲಾಭ ಕ್ರಮವಾಗಿ 18 ಲಕ್ಷ, 24 ಲಕ್ಷ ಮತ್ತು 30 ಲಕ್ಷ ರೂ. ಇದ್ದರೆ ಸರಾಸರಿ 24 ಲಕ್ಷ. ಅದರ ಶೇ. 7.5 ಎಂದರೆ 1,80,000 ರೂ. ವರ್ಷವೊಂದರಲ್ಲಿ ಎಲ್ಲ ಪಕ್ಷಗಳಿಗೂ ಸೇರಿ ಇದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಕಂಪನಿ ಸ್ಥಾಪನೆಯಾಗಿ ಮೂರು ಹಣಕಾಸು ವರ್ಷ ತುಂಬಿರಬೇಕು. ನಿರ್ದೇಶಕ ಮಂಡಳಿಯ ಸಭೆಯಲ್ಲಿ ಠರಾವು ಆಗಬೇಕು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಪಕ್ಷದ ಹೆಸರು ಮತ್ತು ಮೊತ್ತ ಲಾಭ-ನಷ್ಟ ಖಾತೆಯಲ್ಲಿ ಕಾಣಿಸಬೇಕು. ತಪ್ಪಿದರೆ ಕಂಪನಿಗೆ ಕೊಟ್ಟ ಮೊತ್ತದ ಐದು ಪಟ್ಟಿನವರೆಗೆ ದಂಡ. ಹೊಣೆಗಾರ ಅಧಿಕಾರಿಗೆ ಅಷ್ಟೇ ದಂಡದೊಂದಿಗೆ ಆರು ತಿಂಗಳವರೆಗೆ ಸೆರೆವಾಸವೂ ಉಂಟು.

(ಆ) ಏಕವ್ಯಕ್ತಿ ಮಾಲೀಕತ್ವ ಮತ್ತು ಪಾಲುದಾರಿಕೆ: ಅಡತ್ ಅಂಗಡಿ, ದಾಲ್ ಮಿಲ್, ಹೆದ್ದಾರಿ ಬದಿಯ ಲಾರಿ ಬಾಡಿ ಕಟ್ಟುವ ಕಾರ್ಖಾನೆಗಳಂಥ ವ್ಯವಹಾರಗಳು ಕಂಪನಿಗಳಾಗಿಲ್ಲದಿದ್ದರೆ 182ನೇ ಕಲಂ ಅನ್ವಯಿಸದು. ಆದರೆ ಪಾಲುದಾರಿಕೆ ಸಂಸ್ಥೆಯ ಹಣ ಕೊಡುವ ಮುನ್ನ ಉಳಿದ ಪಾಲುದಾರರ ಲಿಖಿತ ಒಪ್ಪಿಗೆ ಪಡೆಯುವುದು ಲೇಸು. ಒಬ್ಬನ ರಾಜಕೀಯ ಒಲವಿಗೆ ಇನ್ನೊಬ್ಬನ ಬಂಡವಾಳ ತೆರಬಾರದು.

(ಇ) ನಗದು: ಪಕ್ಷವು ಒಬ್ಬರಿಂದ 2,000 ರೂ. ಮೀರಿ ನಗದು ಪಡೆದರೆ ತನ್ನ ತೆರಿಗೆ ವಿನಾಯಿತಿಗೆ ಕುಂದು ತಂದುಕೊಳ್ಳುತ್ತದೆ. ನಗದಾಗಿ ಕೊಟ್ಟವನಿಗೂ ತೆರಿಗೆಯಲ್ಲಿ ಕಡಿತ ಸಿಗುವುದಿಲ್ಲ.

(ಈ) ತೆರಿಗೆ ಕಡಿತ: 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಂಪನಿಗಳಿಗೆ 80ಜಿಜಿಬಿ, ಇತರರಿಗೆ 80ಜಿಜಿಸಿ ಕಲಂಗಳಿದ್ದವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ ಕಲಂಗಳ ಸಂಖ್ಯೆ ಬದಲಾಗಿದೆ. ಲೆಕ್ಕಪರಿಶೋಧಕರನ್ನು ಕೇಳಿ ನಮೂದಿಸಬೇಕು. ಅಭ್ಯರ್ಥಿಯ ಕೈಗೆ ಕೊಟ್ಟ ಹಣಕ್ಕೆ ಕಡಿತವಿಲ್ಲ, ನೋಂದಾಯಿತ ಪಕ್ಷಕ್ಕೆ ಕೊಟ್ಟದ್ದಕ್ಕೆ ಉಂಟು. ಹೆಸರೇ ಕೇಳಿರದ ಪಕ್ಷವೊಂದಕ್ಕೆ ಚೆಕ್ ಕೊಟ್ಟು, ಕಮಿಷನ್ ಕಳೆದು ನಗದು ವಾಪಸ್ಸು ಪಡೆಯುವ ದಂಧೆಗೆ ಯಾರೂ ಕೈಹಾಕಬಾರದು. ಇಂಥ ಸುಳ್ಳು ಕಡಿತಗಳ ಬೆನ್ನು ಹತ್ತಿ ತೆರಿಗೆ ಇಲಾಖೆ 2025ರ ಜುಲೈಯಲ್ಲಿ ದೇಶದಾದ್ಯಂತ ತಪಾಸಣೆ ನಡೆಸಿತು; ಮರುತಿಂಗಳೇ ಚುನಾವಣಾ ಆಯೋಗವು ಮಾನ್ಯತೆಯಿಲ್ಲದ 334 ಪಕ್ಷಗಳನ್ನು ಪಟ್ಟಿಯಿಂದ ಕಿತ್ತುಹಾಕಿತು.

5. ಹಣವಲ್ಲದ ಮಾತು

ವರ್ತಕನ ಬಳಿ ಹಣವಷ್ಟೇ ಅಲ್ಲ, ನಾಲಿಗೆಯೂ ಇದೆ. ಜಿಎಸ್‌ಟಿ ದರ, ಕೃಷಿ ಮಾರುಕಟ್ಟೆ ಶುಲ್ಕ, ವಿದ್ಯುತ್ ಕಡಿತ ಮುಂತಾದ ವಿಷಯಗಳಲ್ಲಿ ಸರ್ಕಾರವನ್ನು ಟೀಕಿಸುವುದು, ಮನವಿಪತ್ರ ಕೊಡುವುದು, ಸಭೆ ಸೇರಿಸುವುದು ಸಂವಿಧಾನ ಕೊಟ್ಟ ಹಕ್ಕು. ಮೊಬೈಲಿನಲ್ಲಿ ಕಳಿಸಿದ ಸಂದೇಶ ಕಿರಿಕಿರಿ ಉಂಟುಮಾಡಿತೆಂದು ಬಂಧಿಸಲು ಅವಕಾಶವಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು ರದ್ದುಪಡಿಸಿದೆ. ಮಾನನಷ್ಟ, ದ್ವೇಷ ಪ್ರಚೋದನೆಗಳಿಗೆ ಮಾತ್ರ ಈಗಲೂ ಶಿಕ್ಷೆಯುಂಟು.

ಆದರೆ ಚುನಾವಣೆಯ ಕಾಲದಲ್ಲಿ ಹೆಸರಿಲ್ಲದ ಮಾತಿಗೆ ನಮ್ಮ ಕಾನೂನಿನಲ್ಲಿ ಎಡೆಯಿಲ್ಲ. ಇದು ನಮ್ಮ ಮುದ್ರಣಾಲಯಗಳ ಮಾಲೀಕರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನಂತೆ ಚುನಾವಣಾ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕ ಹಾಗೂ ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕನ ಸಹಿಯುಳ್ಳ, ಅವನನ್ನು ಬಲ್ಲ ಇಬ್ಬರು ದೃಢೀಕರಿಸಿದ ಘೋಷಣೆಯನ್ನು ಮೊದಲೇ ಪಡೆದು, ಅದರ ಪ್ರತಿಯನ್ನು ಮುದ್ರಿತ ಪ್ರತಿಯೊಂದಿಗೆ ಜಿಲ್ಲಾ ದಂಡಾಧಿಕಾರಿಗೆ ಕಳಿಸಬೇಕು. ಸಭೆಯ ದಿನ, ವೇಳೆ, ಸ್ಥಳವನ್ನಷ್ಟೇ ತಿಳಿಸುವ ಚೀಟಿಗೆ ಈ ನಿಯಮವಿಲ್ಲ. ತಪ್ಪಿದರೆ ಆರು ತಿಂಗಳ ಸೆರೆವಾಸ ಅಥವಾ 2,000 ರೂ. ದಂಡ ಅಥವಾ ಎರಡೂ. ಅಂತೆಯೇ ಅಭ್ಯರ್ಥಿಯ ಲಿಖಿತ ಅನುಮತಿಯಿಲ್ಲದೆ ಅವನ ಗೆಲುವಿಗಾಗಿ ಜಾಹೀರಾತು, ಸಭೆಗಳಿಗೆ ಸ್ವಂತ ಹಣ ಸುರಿಯುವುದೂ ಭಾರತೀಯ ನ್ಯಾಯ ಸಂಹಿತೆಯಂತೆ ಅಪರಾಧ. ಅಭಿಮಾನದಿಂದ ಹಾಕಿಸಿದ ಬ್ಯಾನರಿಗೂ ಇದು ಅನ್ವಯಿಸಬಹುದೆಂಬುದನ್ನು ಮರೆಯಬಾರದು.

6. ನೆನಪಿಡಬೇಕಾದ ಅಂಶಗಳು

(1) ನಿಮ್ಮ ಮತ ಸಂಪೂರ್ಣ ಗೋಪ್ಯ. ಅದನ್ನು ಹೇಳೆಂದು ಯಾರೂ ಬಲವಂತಪಡಿಸುವಂತಿಲ್ಲ.
(2) ವರ್ಷಕ್ಕೆ 20,000 ರೂ.ವರೆಗಿನ ವೈಯಕ್ತಿಕ ದೇಣಿಗೆಯನ್ನು ಪಕ್ಷವು ಆಯೋಗಕ್ಕೆ ಹೆಸರಿಸಿ ವರದಿ ಮಾಡಬೇಕಿಲ್ಲ. ಅದನ್ನು ಮೀರಿದ್ದು ಸಾರ್ವಜನಿಕ. ಕಂತುಗಳಾಗಿ ಒಡೆದು ಗೆರೆ ದಾಟುವುದು ಕಾನೂನಿನ ಆಶಯಕ್ಕೆ ವಿರುದ್ಧ.
(3) ಕಂಪನಿಯ ದೇಣಿಗೆ ಎಷ್ಟೇ ಚಿಕ್ಕದಿರಲಿ, ಕಂಪನಿಯ ಲೆಕ್ಕಪತ್ರದಲ್ಲಿ ಪಕ್ಷದ ಹೆಸರಿನೊಂದಿಗೆ ಕಾಣಬೇಕು.
(4) ರಸೀದಿ, ಠರಾವು, ಬ್ಯಾಂಕ್ ದಾಖಲೆಗಳನ್ನು ಜೋಪಾನವಾಗಿಡಿ.
(5) ವಂತಿಗೆಗಾಗಿ ಬೆದರಿಕೆ ಬಂದರೆ ಅದು ದೇಣಿಗೆಯಲ್ಲ, ಸುಲಿಗೆ. ದೂರು ಕೊಡುವ ಹಕ್ಕು ನಿಮಗಿದೆ. ಒಬ್ಬೊಬ್ಬರಾಗಿ ಅಂಜುವ ಬದಲು ಸಂಘದ ಮೂಲಕ ಕೊಡುವುದು ಉತ್ತಮ.

ವರ್ತಕನ ಅಂಜಿಕೆ ನಿಜವಾದದ್ದೇ. ಆದರೆ ಅದಕ್ಕೆ ಮದ್ದು ದೇಣಿಗೆಯನ್ನು ಮುಚ್ಚಿಡುವುದರಲ್ಲಿಲ್ಲ. ಪರವಾನಗಿ, ತಪಾಸಣೆ, ಟೆಂಡರುಗಳು ಯಾರ ಮರ್ಜಿಗೂ ಒಳಪಡದೆ ನಿಯಮದಂತೆ ನಡೆಯುವುದರಲ್ಲಿದೆ. ಅವು ನಿಯಮದಂತೆ ನಡೆದರೆ ಪಕ್ಷಕ್ಕೆ ಕೊಟ್ಟವನೂ ಕೊಡದವನೂ ಒಂದೇ ನೆಮ್ಮದಿಯಿಂದ ಅಂಗಡಿಯ ಬಾಗಿಲು ತೆರೆಯಬಹುದು. ಅನುಭವ ಮಂಟಪದ ನೆಲದಲ್ಲಿ ಕಾಯಕ ಮಾಡುವ ನಮಗೆ, ಬಿಚ್ಚುಮನಸ್ಸಿನ ಮಾತು ಹಾಗೂ ಬಿಚ್ಚಿಟ್ಟ ಲೆಕ್ಕ ಎರಡೂ ಹೊಸತಾಗಬೇಕಿಲ್ಲ.