ಹಲ್ಲಿನ ಕುರ್ಚಿಯಲ್ಲಿ ತಲೆ ತಿರುಗಿದರೆ?

ಕೆಲವು ವರ್ಷಗಳ ಹಿಂದಿನ ಮಾತು. ಪಕ್ಕದ ಬೀದಿಯ ದಂತ ಚಿಕಿತ್ಸಾಲಯದಿಂದ ಸಹಾಯಕ ಹುಡುಗ ನನ್ನಲ್ಲಿಗೆ ಓಡಿ ಬಂದ. ಹಲ್ಲು ಕೀಳಿಸಲು ಬಂದಿದ್ದ ಹಿರಿಯರೊಬ್ಬರು ಕುರ್ಚಿಯಲ್ಲೇ ಬೆವೆತು, ನಡುಗುತ್ತಾ, ತೊದಲುತ್ತಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಹಲ್ಲು ಕೀಳುವ ಮುಂಚೆ ಏನೂ ತಿನ್ನಬಾರದೆಂದು ತಿಂಡಿ ಬಿಟ್ಟು ಬಂದಿದ್ದರು! ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದ ಮೇಲೆ ಹದಿನೈದು ನಿಮಿಷದಲ್ಲಿ ಚೇತರಿಸಿಕೊಂಡರು. ಸಕ್ಕರೆ ಅಲ್ಲೇ ಸಿಬ್ಬಂದಿಯ ಕಾಫಿ ಡಬ್ಬದ ಪಕ್ಕದಲ್ಲಿತ್ತು. ಅದೇ ಔಷಧವೆಂದು ಯಾರಿಗೂ ಹೊಳೆದಿರಲಿಲ್ಲ.

ದಂತ ಚಿಕಿತ್ಸಾಲಯದಲ್ಲಿ ಅತಿ ಸಾಮಾನ್ಯವಾದ ತುರ್ತು ಸ್ಥಿತಿ ಎಂದರೆ, ಸೂಜಿ ಕಂಡ ಹೆದರಿಕೆಗೆ ತಲೆ ತಿರುಗಿ ಬೀಳುವುದು. ಕುರ್ಚಿಯನ್ನು ಅಡ್ಡ ಮಾಡಿ ಮಲಗಿಸಿ, ಕಾಲುಗಳನ್ನು ಎತ್ತರಿಸಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಎಚ್ಚರವಾಗುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಕಾಫಿ, ಸಕ್ಕರೆ ಏನನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಹೋಗಬಹುದು.

ಅಪಸ್ಮಾರದ ಸೆಳೆತ ಬಂದರೆ ಬಾಯಲ್ಲಿರುವ ಉಪಕರಣಗಳನ್ನು ಕೂಡಲೇ ತೆಗೆದು, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಬೇಕು. ಕೈಗೆ ಕಬ್ಬಿಣ ಕೊಡುವುದು, ಹಲ್ಲಿನ ಮಧ್ಯೆ ಚಮಚ ತುರುಕುವುದು ಬೇಡ.

ಔಷಧಿ ಒಗ್ಗದೆ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿದರೆ ಆಗ ನಿಮಿಷಗಳ ಲೆಕ್ಕ. ವೈದ್ಯರು ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ (ವಯಸ್ಕರಿಗೆ 0.5 ಮಿ.ಗ್ರಾಂ) ಚುಚ್ಚಬೇಕು. ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ, ಆಸ್ಪಿರಿನ್. ಉಬ್ಬಸಕ್ಕೆ ಸಾಲ್ಬುಟಮಾಲ್ ಇನ್‌ಹೇಲರ್. ಜೊತೆಗೆ ಆಮ್ಲಜನಕ ಮತ್ತು ಗ್ಲೂಕೋಸ್, ಇಷ್ಟೂ ಒಂದೇ ಕಡೆ ಸಿಗುವಂತಿರಬೇಕು. ಅವಧಿ ಮೀರಿದ ಔಷಧಿಗಳನ್ನು ಪ್ರತಿ ತಿಂಗಳು ನೋಡಿ ಬದಲಾಯಿಸಬೇಕು.

ಆದರೆ ಪೆಟ್ಟಿಗೆ ಇದ್ದರೆ ಸಾಲದು, ಕೈಗಳು ಪಳಗಿರಬೇಕು. ಒಬ್ಬರು ರೋಗಿಯ ಬಳಿ ನಿಲ್ಲಬೇಕು, ಇನ್ನೊಬ್ಬರು ಪೆಟ್ಟಿಗೆ, ಆಮ್ಲಜನಕ ತರಬೇಕು, ಮೂರನೆಯವರು 108ಕ್ಕೆ ಫೋನ್ ಮಾಡಿ ಬಾಗಿಲಲ್ಲಿ ಆಂಬುಲೆನ್ಸ್‌ಗೆ ಕಾಯಬೇಕು. ಇದನ್ನು ಮೊದಲೇ ಹಂಚಿಕೊಂಡು ಆಗಾಗ ಅಭ್ಯಾಸ ಮಾಡಬೇಕು. ಹೃದಯ ನಿಂತರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುವುದನ್ನು ಸ್ವಾಗತಕಾರರಿಂದ ಹಿಡಿದು ಎಲ್ಲರೂ ಕಲಿತಿರಬೇಕು.

ನಿಮ್ಮ ಪಾತ್ರವೂ ಇದೆ. ನುಂಗುವ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಿರಿ. ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ, ಅಪಸ್ಮಾರ, ಗರ್ಭ, ಒಗ್ಗದ ಔಷಧಿ ಯಾವುದನ್ನೂ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಸ್ಥಳಕ್ಕಷ್ಟೇ ಮರಗಟ್ಟಿಸುವ ಚಿಕಿತ್ಸೆಗೆ ಉಪವಾಸ ಬೇಕಿಲ್ಲ, ವೈದ್ಯರು ಬೇರೆ ಹೇಳದಿದ್ದರೆ ತಿಂಡಿ ತಿಂದೇ ಹೋಗಿ. 'ತುರ್ತಿಗೆ ಇಲ್ಲಿ ಏನು ಏರ್ಪಾಡಿದೆ?' ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ದಂತವೈದ್ಯರು ಆ ಪ್ರಶ್ನೆಗೆ ಬೇಸರಿಸುವುದಿಲ್ಲ, ಪೆಟ್ಟಿಗೆ ತೆರೆದು ತೋರಿಸುತ್ತಾರೆ.