ಮ್ಯಾನಿಫೋಲ್ಡ್ ಕೊಳ್ಳುವ ಮುನ್ನ

ಸಕಲೇಶಪುರ, ಆಲೂರು ಕಡೆ ಹಳೆಯ ಜಿಪ್ಸಿ ಇಟ್ಟುಕೊಂಡು ರ‍್ಯಾಲಿ, ಆಫ್‌ರೋಡ್ ಹುಚ್ಚು ಹತ್ತಿಸಿಕೊಂಡ ಗೆಳೆಯರಿಗೆ ಒಂದು ಮಾತು. ಇಂಟೇಕ್ ಮ್ಯಾನಿಫೋಲ್ಡಿಗೆ ದುಡ್ಡು ಸುರಿಯುವ ಮೊದಲು, ನಿಮ್ಮ ಇಂಜಿನ್ ಹೆಚ್ಚು ಹೊತ್ತು ಎಷ್ಟು ಆರ್‌ಪಿಎಂನಲ್ಲಿ ಓಡುತ್ತದೆ ನೋಡಿ. ಮ್ಯಾನಿಫೋಲ್ಡಿನಲ್ಲಿ ಉದ್ದನೆಯ, ಸಪೂರ ಕೊಳವೆಗಳಿದ್ದರೆ ಕಡಿಮೆ ಆರ್‌ಪಿಎಂನಲ್ಲೇ ಎಳೆತ ಸಿಗುತ್ತದೆ. ಗಿಡ್ಡ, ದಪ್ಪ ಕೊಳವೆಯ ಲಾಭ ತಿಳಿಯುವುದು ಮೇಲಿನ ಆರ್‌ಪಿಎಂನಲ್ಲಿ. ಬಿಸಿಲೆ ಘಾಟಿಯ ತಿರುವಿಗೆ, ತೋಟದ ಕೆಸರಿನ ಏರಿಗೆ ಬೇಕಾದದ್ದು ಮೊದಲನೆಯದೇ. ಹಾಗಾಗಿ ಬಹುಪಾಲು ಜನಕ್ಕೆ ಕಂಪನಿ ಕೊಟ್ಟ ಮ್ಯಾನಿಫೋಲ್ಡೇ ಸಾಕು.

ಇನ್ನೊಂದು ವಿಷಯ. ಸಕಲೇಶಪುರ ಇರುವುದು 900 ಮೀಟರಿಗಿಂತ ಎತ್ತರದಲ್ಲಿ. ಗಾಳಿ ಕರಾವಳಿಗಿಂತ ತೆಳು. ಟರ್ಬೊ ಇಲ್ಲದ ಇಂಜಿನ್ನಿನ ಶಕ್ತಿ ಶೇ 8ರಿಂದ 10ರಷ್ಟು ಇಳಿದಿರುತ್ತದೆ. ಅದನ್ನು ಯಾವ ಮ್ಯಾನಿಫೋಲ್ಡೂ ತುಂಬಿಕೊಡದು.

ಮೊದಲು ಹೊಸ ಗ್ಯಾಸ್ಕೆಟ್, ಏರ್ ಫಿಲ್ಟರ್ ಹಾಕಿಸಿ, ಗಾಳಿ ಸೋರಿಕೆ ನೋಡಿಸಿ. ಗುಜರಿಯಿಂದ ಸೆಕೆಂಡ್‌ಹ್ಯಾಂಡ್ ಮ್ಯಾನಿಫೋಲ್ಡ್ ತರಲೇಬೇಕೆಂದರೆ, ಅದು ಸಿಲಿಂಡರ್ ಹೆಡ್ಡಿಗೆ ಕೂರುವ ಮುಖದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ. ಸಂದಿ ಕಂಡರೆ ಮಷಿನಿಂಗ್ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಿ. ಬದಲಿಸಿದ ಮೇಲೆ ಇಂಧನದ ಟ್ಯೂನಿಂಗ್ ಆಗಲೇಬೇಕು. ಅದಕ್ಕೆ ದುಡ್ಡು ಉಳಿಯದಿದ್ದರೆ ಖರೀದಿ ಮುಂದೂಡಿ.