ಪ್ರಾಣಿಗಳ ಅವಯವಗಳಲ್ಲಿ ರಚನಾಸಾಮ್ಯ

ಮನುಷ್ಯನ ಕೈ ಲೇಖನಿಯನ್ನು ಹಿಡಿಯುತ್ತದೆ; ಕುದುರೆಯ ಮುಂಗಾಲು ನೆಲವನ್ನು ಮೆಟ್ಟಿ ಓಡುತ್ತದೆ; ತಿಮಿಂಗಿಲದ ಈಜುಗೈ ನೀರನ್ನು ಸೀಳುತ್ತದೆ; ಬಾವಲಿಯ ರೆಕ್ಕೆ ಗಾಳಿಯನ್ನು ಬಡಿಯುತ್ತದೆ. ಕಾರ್ಯವೊಂದನ್ನೇ ನೋಡುವವನಿಗೆ ಈ ನಾಲ್ಕಕ್ಕೂ ನಂಟಿಲ್ಲವೆಂದು ತೋರುವುದು ಸಹಜ. ಆದರೆ ಚರ್ಮಮಾಂಸಗಳ ಒಳಗಿರುವ ಅಸ್ಥಿಪಂಜರವನ್ನು ಪರಿಶೀಲಿಸಿದರೆ ಎಲ್ಲದರಲ್ಲಿಯೂ ಒಂದೇ ವಿನ್ಯಾಸ ಕಾಣುತ್ತದೆ. ಭುಜದಿಂದ ಮೊಣಕೈವರೆಗೆ ಒಂದು ಎಲುಬು, ಅಲ್ಲಿಂದ ಮಣಿಕಟ್ಟಿನವರೆಗೆ ಎರಡು, ಬಳಿಕ ಮಣಿಕಟ್ಟಿನ ಕಿರಿಯ ಎಲುಬುಗಳ ಗುಂಪು, ಕಡೆಯಲ್ಲಿ ಬೆರಳುಗಳು. ಇದನ್ನೇ ರಚನಾಸಾಮ್ಯವೆಂದೂ, ಇಂಥ ಅವಯವಗಳನ್ನು ರಚನಾನುರೂಪಿ ಅಂಗಗಳೆಂದೂ ಕರೆಯುವರು.

ವಿನ್ಯಾಸ ಒಂದೇ ಆದರೂ ಅದರ ಪರಿಣಾಮ ಬಹುವಿಧ. ಬಾವಲಿಯ ನಾಲ್ಕು ಬೆರಳುಗಳು ಅತ್ಯಂತ ನೀಳವಾಗಿ ಚರ್ಮದ ಪೊರೆಯನ್ನು ಹಿಡಿದು ನಿಂತಿವೆ. ಹೆಬ್ಬೆರಳು ಮಾತ್ರ ಚಿಕ್ಕದಾಗಿ ಉಗುರಿನೊಡನೆ ಬಿಡಿಯಾಗಿದೆ. ಕುದುರೆ ನಡುಬೆರಳೊಂದರ ಮೇಲೆಯೇ ನಿಲ್ಲುತ್ತದೆ. ಅದರ ಇಕ್ಕೆಲದ ಬೆರಳುಗಳ ಕುರುಹಾಗಿ ಎರಡು ಸಣ್ಣ ಎಲುಬುಗಳಷ್ಟೇ ಉಳಿದಿವೆ. ತಿಮಿಂಗಿಲದಲ್ಲಿ ತೋಳಿನ ಎಲುಬುಗಳು ಗಿಡ್ಡಾಗಿ, ಬೆರಳುಗಳ ಗೆಣ್ಣುಗಳು ಸಂಖ್ಯೆಯಲ್ಲಿ ಹೆಚ್ಚಿವೆ.

ಇಲ್ಲಿ ಒಂದು ವಿವೇಕ ಅವಶ್ಯ. ಚಿಟ್ಟೆಗೂ ರೆಕ್ಕೆಯುಂಟು, ಹಕ್ಕಿಗೂ ಉಂಟು. ಆದರೆ ಚಿಟ್ಟೆಯ ರೆಕ್ಕೆಯಲ್ಲಿ ಎಲುಬೇ ಇಲ್ಲ. ಅಲ್ಲಿರುವುದು ಕಾರ್ಯದ ಸಾಮ್ಯವೇ ಹೊರತು ರಚನೆಯ ಸಾಮ್ಯವಲ್ಲ. ಹಕ್ಕಿ ಬಾವಲಿಗಳ ವಿಷಯ ಇನ್ನೂ ಸೂಕ್ಷ್ಮ. ಮುಂಗಾಲುಗಳೆಂಬ ದೃಷ್ಟಿಯಿಂದ ಅವು ರಚನಾನುರೂಪಿಗಳು; ರೆಕ್ಕೆಗಳಾಗಿ ಮಾತ್ರ ಬೇರೆ ಬೇರೆಯಾಗಿ ಮೂಡಿದವು.

ಫ್ರಾನ್ಸಿನ ಪಿಯೆರ್ ಬೆಲೋನ್ 1555ರಲ್ಲಿಯೇ ಮನುಷ್ಯನ ಮತ್ತು ಹಕ್ಕಿಯ ಅಸ್ಥಿಪಂಜರಗಳನ್ನು ಅಕ್ಕಪಕ್ಕದಲ್ಲಿ ಚಿತ್ರಿಸಿ ಎಲುಬಿಗೆ ಎಲುಬನ್ನು ಹೋಲಿಸಿದ್ದನು. ಇಂಗ್ಲೆಂಡಿನ ರಿಚರ್ಡ್ ಓವೆನ್ 1843ರಲ್ಲಿ ರಚನಾಸಾಮ್ಯಕ್ಕೂ ಕಾರ್ಯಸಾಮ್ಯಕ್ಕೂ ಸ್ಪಷ್ಟ ಲಕ್ಷಣಗಳನ್ನು ಹೇಳಿದನು. ಎಲ್ಲ ಕಶೇರುಕಗಳಿಗೂ ಒಂದು ಆದರ್ಶರೂಪವಿದೆ, ಸಾಮ್ಯಕ್ಕೆ ಅದೇ ಕಾರಣ ಎಂಬುದು ಅವನ ಮತ. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ಅದೇ ಸಾಮ್ಯವನ್ನು ಬೇರೆ ರೀತಿಯಲ್ಲಿ ಅರ್ಥೈಸಿದನು. ಈ ಜೀವಿಗಳೆಲ್ಲ ಒಂದೇ ಪೂರ್ವಜನಿಂದ ಇಳಿದು ಬಂದವು. ಎಲುಬುಗಳು ಆ ವಂಶದ ಉತ್ತರಾಧಿಕಾರ. ಆಯಾ ಜೀವನಕ್ರಮಕ್ಕೆ ತಕ್ಕಂತೆ ಅವು ಮಾರ್ಪಟ್ಟವು ಎಂದನು.

ಭಾಷಾಭ್ಯಾಸಿಗಳಿಗೆ ಈ ಯುಕ್ತಿ ಅಪರಿಚಿತವಲ್ಲ. ಹಳಗನ್ನಡದ ‘ಪಾಲ್’ ಇಂದು ‘ಹಾಲು’ ಆಗಿದೆ. ತಮಿಳಿನಲ್ಲಿ ಅದು ‘ಪಾಲ್’ ಆಗಿಯೇ ಉಳಿದಿದೆ. ರೂಪಭೇದವಿದ್ದರೂ ಎರಡಕ್ಕೂ ಮೂಲ ಒಂದೇ ಎಂಬುದನ್ನು ಯಾರೂ ಅಲ್ಲಗಳೆಯರು.

ಆದರೂ ಪೂರ್ವಪಕ್ಷವೊಂದು ಏಳುತ್ತದೆ. ಸಾಮ್ಯವಿರುವುದರಿಂದ ಪೂರ್ವಜ ಒಬ್ಬನೇ, ಪೂರ್ವಜ ಒಬ್ಬನೇ ಆದ್ದರಿಂದ ಸಾಮ್ಯ ಎಂದರೆ ಅದು ಅನ್ಯೋನ್ಯಾಶ್ರಯ ದೋಷವಾಗದೇ? ಒಂದೇ ಪ್ರಮಾಣವನ್ನು ನೆಚ್ಚಿದ್ದರೆ ಆಗುತ್ತಿತ್ತು. ವಿಜ್ಞಾನಿಗಳು ಸಾಮ್ಯವನ್ನು ಎಲುಬುಗಳ ಸ್ಥಾನ, ಜೋಡಣೆ ಮತ್ತು ಭ್ರೂಣದ ಬೆಳವಣಿಗೆಗಳಿಂದ ಮೊದಲು ಗೊತ್ತುಮಾಡುವರು. ವಂಶವನ್ನು ಪ್ರತ್ಯೇಕ ಸಾಕ್ಷ್ಯಗಳಿಂದ ಪರೀಕ್ಷಿಸುವರು.

ಅಂಥ ಪರೀಕ್ಷೆಗೆ ಎರಡು ನಿದರ್ಶನಗಳು ಸಾಕು. ಕೈಕಾಲುಗಳು ಮೀನಿನ ಈಜುರೆಕ್ಕೆಗಳಿಂದ ಹುಟ್ಟಿದ್ದರೆ ನಡುವಣ ರೂಪದ ಜೀವಿ ಇಂಥ ಕಾಲದ ಶಿಲೆಗಳಲ್ಲಿ ದೊರೆಯಬೇಕೆಂದು ನೀಲ್ ಶೂಬಿನ್ ಮತ್ತು ಅವರ ಸಂಗಡಿಗರು ಎಣಿಸಿದರು. 2004ರಲ್ಲಿ ಉತ್ತರ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಅಂಥ ಪಳೆಯುಳಿಕೆ ದೊರೆತು, 2006ರಲ್ಲಿ ಟಿಕ್ಟಾಲಿಕ್ ಎಂಬ ಹೆಸರಿನಿಂದ ಪ್ರಕಟವಾಯಿತು. ಸುಮಾರು 37.5 ಕೋಟಿ ವರ್ಷಗಳಷ್ಟು ಹಳೆಯದಾದ ಆ ಮೀನಿನ ಈಜುರೆಕ್ಕೆಯೊಳಗೆ ತೋಳಿನ ಒಂದು ಎಲುಬು, ಮುಂದೋಳಿನ ಎರಡು ಎಲುಬು, ಮಣಿಕಟ್ಟನ್ನು ಹೋಲುವ ಕಿರುಎಲುಬುಗಳು ಇವೆ. ಬೆರಳುಗಳು ಮಾತ್ರ ಇಲ್ಲ. ಇನ್ನು 2016ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಇಲಿಯ ಬೆರಳುಗಳನ್ನು ರೂಪಿಸುವ ಹಾಕ್ಸ್ ವರ್ಗದ ವಂಶವಾಹಿಗಳೇ ಜೀಬ್ರಾಮೀನಿನ ಈಜುರೆಕ್ಕೆಯ ತುದಿಯ ರಚನೆಗೂ ಅವಶ್ಯಕ. ಶಿಲೆಯ ಸಾಕ್ಷ್ಯವೂ ಜೀವಕೋಶದ ಸಾಕ್ಷ್ಯವೂ ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ನಿರ್ಣಯವನ್ನು ಸಮರ್ಥಿಸುತ್ತವೆ.

ಆದುದರಿಂದ ವಿದ್ಯಾರ್ಥಿಗಳು ಯಾವುದೇ ಅವಯವವನ್ನು ನೋಡುವಾಗ, ಇದು ಮಾಡುವ ಕೆಲಸವೇನು ಎಂಬ ಒಂದು ಪ್ರಶ್ನೆಗೇ ನಿಲ್ಲದೆ, ಇದು ಯಾವುದರಿಂದ ಬಂದಿತು ಎಂದೂ ಕೇಳಬೇಕು. ತಮ್ಮ ತೋಳನ್ನೇ ಮುಟ್ಟಿ ಎಲುಬುಗಳನ್ನು ಒಂದು, ಎರಡು ಎಂದು ಎಣಿಸುವುದರಿಂದ ಈ ಅಧ್ಯಯನವನ್ನು ಆರಂಭಿಸಬಹುದು.